ಮೊಜಾಂಬಿಕ್‌ಗೆ ಕರಾರು, ನಮಗೆ ಬಾಯಿಮಾತು



ಮೊಜಾಂಬಿಕ್ ಎಲ್ಲೈತಿ ಎಂದು ಊರ ಕಟ್ಟೆಯ ಮೇಲೆ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಗೊತ್ತಿಲ್ಲ ಅನ್ನುತ್ತಾರೆ. ಗೊತ್ತಿಲ್ಲದಿದ್ದರೆ ತಪ್ಪೇನಲ್ಲ. ಆದರೆ ನಮ್ಮ ತೊಗರಿ ಚೀಲದ ದರದಲ್ಲಿ ಆ ದೇಶದ ಕೈಯಿದೆ, ಅದಕ್ಕೇ ಈ ಸಲ ಅದರ ಸುದ್ದಿ. ಅದು ಆಫ್ರಿಕಾದ ಪೂರ್ವ ದಂಡೆಯ ದೇಶ. ಅದರ ಬೆನ್ನಿಗೇ ಮಲಾವಿ. ಮಲಾವಿಗೆ ಸಮುದ್ರವಿಲ್ಲ, ಅದರ ಮಾಲೂ ಬಹುಮಟ್ಟಿಗೆ ಮೊಜಾಂಬಿಕ್ ಬಂದರುಗಳಿಂದಲೇ ಹಡಗು ಹತ್ತಬೇಕು.

2015ರ ಕೊನೆಯ ತಿಂಗಳುಗಳನ್ನು ನೆನಪು ಮಾಡಿಕೊಳ್ಳಿ. ಪೇಟೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ದಿಲ್ಲಿ ನಡುಗಿತು. (ರೈತ ಹಗ್ಗ ಹುಡುಕಿದಾಗ ನಡುಗದ ದಿಲ್ಲಿ ಬೇಳೆ ತುಟ್ಟಿಯಾದರೆ ನಡುಗುತ್ತದೆ.) ಆಗ ಸರಕಾರ ಎರಡು ಕೆಲಸ ಮಾಡಿತು. ನಮಗೆ ‘ಬೇಳೆಕಾಳು ಬಿತ್ತಿರಿ, ಬೋನಸ್ ಸೇರಿಸಿ ಕ್ವಿಂಟಲಿಗೆ 5050 ಕೊಡುತ್ತೇವೆ’ ಎಂದಿತು. ಅದೇ ಬಿತ್ತನೆಯ ಹಂಗಾಮಿನಲ್ಲಿ, 2016ರ ಜುಲೈ 7ರಂದು, ಪ್ರಧಾನಿ ನರೇಂದ್ರ ಮೋದಿಯವರು ಮೊಜಾಂಬಿಕ್‌ನ ರಾಜಧಾನಿ ಮಪುಟೊಗೆ ಹೋದಾಗ ಬೇಳೆಕಾಳಿನ ಒಪ್ಪಂದಕ್ಕೆ ಸಹಿ ಬಿತ್ತು. ಮೊದಲ ವರ್ಷ 1 ಲಕ್ಷ ಟನ್, ಏರುತ್ತ ಏರುತ್ತ 2020-21ಕ್ಕೆ 2 ಲಕ್ಷ ಟನ್.

ನಾವು ಮಾತು ನಂಬಿ ಬಿತ್ತಿದೆವು. ಮಳೆಯೂ ಕೈಹಿಡಿಯಿತು. ಹಿಂದಿನ ವರ್ಷ ದೇಶದಲ್ಲಿ ಸುಮಾರು 25 ಲಕ್ಷ ಟನ್ ಇದ್ದ ತೊಗರಿ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಸುಗ್ಗಿ ಬಂದಾಗ ದರ 5050ರ ಕೆಳಗೆ ಬಿದ್ದಿತ್ತು. ಅಡತಿ ಅಂಗಡಿಯ ಸಾಹುಕಾರನೊಬ್ಬ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಯಜಮಾನ್ರ, ಹಡಗು ಬಂದಾವು, ಗೋದಾಮು ತುಂಬ್ಯಾವು, ನಿಮ್ಮ ಕಾಳು ಯಾರಿಗೆ ಬೇಕ್ರಿ?” ಅವ ಸುಳ್ಳು ಹೇಳಲಿಲ್ಲ. ಅಲ್ಲಿಯ ತೊಗರಿ ನಮ್ಮ ರೇವಿಗೆ ಬಂದು ಬೀಳುವುದೇ ಸೆಪ್ಟೆಂಬರಿನಿಂದ ಡಿಸೆಂಬರಿನ ಹೊತ್ತಿಗೆ. ನಮ್ಮ ರಾಶಿ ಡಿಸೆಂಬರ್-ಜನವರಿಗೆ. ನಾವು ಕಣ ಮಾಡುವ ಹೊತ್ತಿಗೆ ವ್ಯಾಪಾರಿಯ ಹೊಟ್ಟೆ ತುಂಬಿರುತ್ತದೆ.

ಎಲ್ಲ ಮುಗಿದ ಮೇಲೆ, 2017ರ ಆಗಸ್ಟಿನಲ್ಲಿ, ಸರಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಅಷ್ಟರಲ್ಲಿ ನಾವು ಮಾರಿ ಕೈ ತೊಳೆದುಕೊಂಡಿದ್ದೆವು. ಆ ಮಿತಿಯ ಪೆಟ್ಟು ಯಾರಿಗೆ ಬಿತ್ತು ಗೊತ್ತೇನ್ರಿ? ಮೊಜಾಂಬಿಕ್, ಮಲಾವಿಯ ಸಣ್ಣ ರೈತರಿಗೆ. ಮೊಜಾಂಬಿಕ್ ಜನ ತೊಗರಿಯನ್ನು ಹೆಚ್ಚು ತಿನ್ನುವವರಲ್ಲ. ಬಹಳಷ್ಟು ನಮ್ಮ ದೇಶಕ್ಕಾಗಿಯೇ ಬೆಳೆಯುತ್ತಾರೆ. ಭಾರತ ಕೊಳ್ಳುತ್ತದೆ ಎಂದು ನಂಬಿ ಬಿತ್ತಿದ ಆ ಮಂದಿಯ ಮಾಲಿಗೂ ದರ ಪಾತಾಳಕ್ಕಿಳಿಯಿತು. ಕರಾರಿನಲ್ಲಿ ಟನ್ನಿನ ಲೆಕ್ಕವಿತ್ತು, ಆದರೂ ಅಲ್ಲಿಯ ರೈತನ ಕೈಗೆ ಸರಿಯಾದ ದರ ಬೀಳಲಿಲ್ಲ. ಆದ್ದರಿಂದ ಆ ಕರಿಯ ರೈತನನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಅವ ನಮ್ಮಂಥವನೇ. ಅವನೂ ಬೀಜಕ್ಕೆ ಉದ್ರಿ ತಂದವನೇ.

ಇಷ್ಟಾದರೂ 2021ರಲ್ಲಿ ಅದೇ ಕರಾರನ್ನು ವರ್ಷಕ್ಕೆ 2 ಲಕ್ಷ ಟನ್ನಿನಂತೆ ಇನ್ನೈದು ವರ್ಷ, 2025-26ರ ತನಕ, ಮುಂದುವರಿಸಿದರು. ಮಲಾವಿಯೊಂದಿಗೆ 50,000 ಟನ್, ಮ್ಯಾನ್ಮಾರಿನೊಂದಿಗೆ 1 ಲಕ್ಷ ಟನ್ ತೊಗರಿಯ ಬೇರೆ ಕರಾರುಗಳಾದವು. 2023ರ ಕೊನೆಗೆ ಮೊಜಾಂಬಿಕ್ ಬಂದರುಗಳಲ್ಲಿ ತೊಗರಿ ಸಿಕ್ಕಿಬಿದ್ದಾಗ ನಮ್ಮ ಸರಕಾರವೇ ಆ ಸರಕಾರದ ಬಾಗಿಲು ತಟ್ಟಿ ಬಿಡಿಸಿಕೊಡಿ ಎಂದು ಕೇಳಿತು. ಸ್ವಾಮಿ, ನಮ್ಮ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳು ಮೂರು ದಿನ ನಿಂತಾಗ ಯಾವ ಕಾರ್ಯದರ್ಶಿ ಯಾರ ಬಾಗಿಲು ತಟ್ಟಿದ?

ದಿಲ್ಲಿಯವರ ಉತ್ತರ ಗೊತ್ತಿದೆ. 2025ರ ಬಜೆಟ್ಟಿನಲ್ಲಿ, ತೊಗರಿ, ಉದ್ದು, ಮಸೂರನ್ನು ನಾಲ್ಕು ವರ್ಷ ರೈತ ತಂದಷ್ಟೂ ಕೊಳ್ಳುತ್ತೇವೆ ಎಂದು ಹೇಳಿದರು. ಹೇಳಿದ್ದು ಒಳ್ಳೆಯದೇ. ಆದರೆ ಆ ಸುಗ್ಗಿಯಲ್ಲೇ ಕಲಬುರಗಿ ಪೇಟೆಯಲ್ಲಿ ತೊಗರಿ 7550ರ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ಹೊರದೇಶಕ್ಕೆ ಕೊಟ್ಟದ್ದು ಐದು ವರ್ಷದ ಸಹಿ. ನಮಗೆ ಕೊಟ್ಟದ್ದು ಭಾಷಣದ ಸಾಲು.

ತೊಗರಿ ಕಲಬುರಗಿಯವರ ಪೀಕು, ನಮಗೇನು ಎಂದು ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲದವರು ಕೇಳಬಹುದು. ನಿಮ್ಮ ಕಡಲಿಯ ಕಥೆ ಕೇಳಿ. ಟಾಂಜಾನಿಯಾ ಕೂಡ ಆಫ್ರಿಕಾದ್ದೇ, ಮೊಜಾಂಬಿಕ್‌ನ ಬಡಗಣ ನೆರೆ. ತೀರ ಬಡ ದೇಶಗಳ ಮಾಲಿಗೆ ಸುಂಕದ ರಿಯಾಯಿತಿ ಎಂದು 2008ರಲ್ಲಿ ದಿಲ್ಲಿಯ ಆಫ್ರಿಕಾ ಶೃಂಗಸಭೆಯಲ್ಲಿ ಸಾರಿದರು. ಅದರಡಿ ಅಲ್ಲಿಯ ಕಡಲಿ ಸುಂಕವಿಲ್ಲದೆ ಬರುತ್ತದೆ. ಉಳಿದ ದೇಶಗಳ ಕಡಲಿಗೆ 2018ರಲ್ಲಿ ಶೇ 60 ಸುಂಕ ಹಾಕಿದ್ದರು, 2024ರ ಮೇ ತಿಂಗಳಲ್ಲಿ ಅದನ್ನೂ ತೆಗೆದರು. ಮತ್ತೆ ಹಾಕಿದ್ದು 2025ರ ಏಪ್ರಿಲ್ 1ರಿಂದ, ಅದೂ ಬರೀ ಶೇ 10. ಅದರ ನಡುವೆ, 2023ರ ಡಿಸೆಂಬರಿನಿಂದ 2025ರ ಅಕ್ಟೋಬರ್ ತನಕ, ಹಳದಿ ಬಟಾಣಿ ಕೆನಡಾ, ರಷ್ಯಾದಿಂದ ಸುಂಕವಿಲ್ಲದೆ ಸುರಿಯಿತು. ಕಡಲಿಹಿಟ್ಟಿಗೆ ಬಟಾಣಿಹಿಟ್ಟು ಬೆರೆಸಿದರೆ ಬಜಿ ತಿನ್ನುವವನಿಗೆ ತಿಳಿಯದು; ಕಡಲಿ ಮಾರುವವನಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

‘ದರ ಇಲ್ಲದಿದ್ದರೆ ಇಟ್ಟುಕೊಳ್ಳಿ, ಏರಿದಾಗ ಮಾರಿ’ ಎಂದು ಪಟ್ಟಣದ ಪಂಡಿತರು ಉಪದೇಶಿಸುತ್ತಾರೆ. ಎಲ್ಲಿಂದ ಇಟ್ಟುಕೊಳ್ಳೋದು? ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿಯಿಲ್ಲ, ನಿಜ. ಆದರೆ ವಾಯಿದೆಯೊಳಗೆ ಕಟ್ಟಿದವನಿಗೆ ಮಾತ್ರ. ವಾಯಿದೆ ದಾಟಿದರೆ ಬಡ್ಡಿ ಬೆನ್ನು ಹತ್ತುತ್ತದೆ, ಹೊಸ ಸಾಲವೂ ಇಲ್ಲ. ಹೀಗಾಗಿ ಕಾಳು ಕಣದಿಂದ ನೇರ ಅಡತಿ ಅಂಗಡಿಗೆ, ರೊಕ್ಕ ಅಲ್ಲಿಂದ ನೇರ ಸೊಸೈಟಿಗೆ. ಮನೆಗೆ ಬರೋದು ಖಾಲಿ ಚೀಲ. ಹಡಗಿನ ಮಾಲಿಗೆ ಇಂಥ ವಾಯಿದೆ ಇಲ್ಲ, ಅದರ ಮಾಲೀಕ ಆರು ತಿಂಗಳು ಕಾಯಬಲ್ಲ.

ದೇಶ ದೇಶದ ನಡುವೆ ಗೆಳೆತನ ಬೇಕು. ಆಫ್ರಿಕಾದವರು ನಮ್ಮಂತೆಯೇ ಪರರ ಆಳಿಕೆಯಲ್ಲಿ ನರಳಿದವರು, ಅವರೊಂದಿಗೆ ವ್ಯಾಪಾರ ಬೆಳೆದರೆ ನನಗೆ ಸಂತೋಷವೇ. ಆದರೆ ಮದುವಿ ಊಟ ಸರಕಾರದ್ದು, ಕಿರಾಣಿ ಬಿಲ್ಲು ನಮ್ಮದು ಅಂದರೆ ಹೆಂಗ್ರಿ? ಇಂಥ ಕರಾರು ಇನ್ನೊಮ್ಮೆ ಬರೆಯುವಾಗ, ಬೆಂಬಲ ಬೆಲೆಗಿಂತ ಕಡಿಮೆಗೆ ಯಾವ ಕಾಳೂ ರೇವಿನಲ್ಲಿ ಇಳಿಯದಷ್ಟು ಸುಂಕ ತಾನಾಗಿ ಬೀಳಬೇಕೆಂದು ಅದರೊಳಗೇ ಬರೆಯಲಿ. ರಾಶಿಯ ಹಂಗಾಮಿನಲ್ಲಿ ಹಡಗು ನಿಲ್ಲಲಿ. ಖರೀದಿ ಕೇಂದ್ರ ರಾಶಿಗೆ ಮೊದಲೇ ತೆರೆಯಲಿ. ದರ ಬೆಂಬಲ ಬೆಲೆಯ ಕೆಳಗಿರುವ ತನಕ ಸಾಲದ ವಾಯಿದೆ ಮುಂದೆ ಹೋಗಲಿ. ಅಲ್ಲಿಯ ರೈತನಿಗೂ ಕನಿಷ್ಠ ದರವೊಂದು ಆ ಕರಾರಿನಲ್ಲಿರಲಿ. ಅಲ್ಲಿಂದ ಪುಕ್ಕಟೆ ದರಕ್ಕೆ ಎತ್ತಿದ ಮಾಲೇ ಇಲ್ಲಿ ನಮ್ಮ ಕುತ್ತಿಗೆಗೆ ಬರುವುದು.

1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ರೈತರು ಬೀದಿಗಿಳಿದದ್ದು ಮಲಪ್ರಭಾ ಕಾಲುವೆಯ ಕರದ ನೋಟೀಸು ಕೈಗೆ ಬಂದದ್ದರಿಂದ. ಹಡಗಿನ ಕರಾರಿಗೆ ನೋಟೀಸು ಬರುವುದಿಲ್ಲ, ಅದು ದರದೊಳಗೇ ಮುರಿದುಕೊಳ್ಳುತ್ತದೆ. ಆದ್ದರಿಂದ ಈ ಸುಗ್ಗಿಯಲ್ಲಿ ಕಾಳು ಮಾರಿದಾಗ ಅಂಗಡಿಯ ಪಟ್ಟಿಯನ್ನು ಹರಿದು ಎಸೆಯಬೇಡಿ. ತಾರೀಖು, ತೂಕ, ದರ ಕಾಣುವಂತೆ ಜೋಪಾನವಾಗಿಡಿ, ಸಂಘದ ಸಭೆಗೆ ಬರುವಾಗ ತನ್ನಿ. ಬೆಂಬಲ ಬೆಲೆಗಿಂತ ಎಷ್ಟು ಕಡಿಮೆ ಬಂತು, ಊರೂರಿನ ಲೆಕ್ಕ ಹಾಕೋಣ. ಆ ಮೊತ್ತ ಬರೆದ ಕಾಗದವನ್ನೇ ತಹಶೀಲ್ದಾರರ ಮೇಜಿನ ಮೇಲೆ ಇಡೋಣ.