ಆಡೋರು ಎಂಟು, ನೋಡೋರಿಗೇನು? (ಭಾಗ 3)

ಆನಗೋಡಲ್ಲಿ ಪೋಕೆಮಾನ್ ಕಾರ್ಡ್ ಟೂರ್ನಿ ಇಡೋಣ, ಎಂಟೇ ಜನಕ್ಕೆ ಆಹ್ವಾನ ಅಂತೀರಿ. ಸರಿ. ಆದ್ರೆ ದುಬಾರಿ ಕಾರ್ಡ್ ಇದ್ದೋರನ್ನೇ ಕರೀಬೇಕು ಅನ್ನೋದು ಯಾವ ನ್ಯಾಯ ಗುರು? ಅದು ಆಟ ಅಲ್ಲ, ಅಪ್ಪನ ಪರ್ಸಿನ ಪ್ರದರ್ಶನ!

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ಮ್ಯಾಜಿಕ್’ ಕಾರ್ಡ್ ಆಟದ ಆಹ್ವಾನಿತ ಟೂರ್ನಿ ನಡೀತು. ಕರೆದಿದ್ದು 16 ಜನ ಒಳ್ಳೇ ಆಟಗಾರರನ್ನ. ಗೆದ್ದವನಿಗೆ ಹೊಸ ಕಾರ್ಡ್ ರೂಪಿಸೋ ಅವಕಾಶ. ನಾವೂ ಇರೋ ಕಾರ್ಡ್ ಒಟ್ಟುಮಾಡಿ, ಎಲ್ಲರಿಗೂ ಸಮಬಲದ 60 ಕಾರ್ಡಿನ ಡೆಕ್ ಕಟ್ಟೋಣ. ಆಗ ಗೆಲ್ಲೋದು ತಲೆ.

ಇನ್ನೊಂದು ಮಾತು. ದುಗ್ಗಮ್ಮನ ಜಾತ್ರೆ ಕುಸ್ತೀಲಿ ಪಟ್ಟು ಹಿಂದಿನ ಸಾಲಿಗೂ ಕಾಣುತ್ತೆ. ಅಂಗೈಯಗಲದ ಕಾರ್ಡ್ ಕಾಣಲ್ಲ. ಮೇಜಿನ ಮೇಲೆ ಮೊಬೈಲ್ ಕಟ್ಟಿ, ಪ್ರೊಜೆಕ್ಟರಲ್ಲಿ ತೋರಿಸಿ. ಪ್ರತಿ ನಡೆ ಯಾಕೆ ಅಂತ ಮೈಕಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿ.

ಆಗಲ್ವಾ? ಹಂಗಾದ್ರೆ ಜನರನ್ನ ಕರೀಬೇಡಿ, ಮನೇಲೇ ಆಡ್ಕೊಳ್ಳಿ.

#ಆನಗೋಡು #ಕಾರ್ಡ್_ಆಟ