ಬ್ರೇಕ್ ಇನ್‌ಸ್ಪೆಕ್ಟರ್ ನೋಡದ ಬ್ರೇಕು

ನಮ್ಮ ಮನೆಯ ಜೀಪು 1968ರ ಮಾಡೆಲ್. ಎತ್ತರದ ಬಾನೆಟ್ಟಿನ, ಪೆಟ್ರೋಲ್ ಕುಡಿಯುವ, ವಿಲ್ಲೀಸ್ ನಮೂನೆಯ ಮುದುಕ. ಹೆತ್ತೂರು ಕಡೆಯಾಗಲಿ, ಆಲೂರಿನ ಮಗ್ಗೆ ಕಡೆಯಾಗಲಿ, ತೋಟವಿರುವ ನಾಲ್ಕು ಜನ ನೆಂಟರು ಸೇರಿದರೆ ಮಾತು ಕಾಫಿ ರೇಟಿನಿಂದ ಶುರುವಾಗಿ, ಆನೆ ಹಾವಳಿಗೆ ಬಂದು, ಕೊನೆಗೆ ಜೀಪಿನ ಹತ್ತಿರ ನಿಲ್ಲುತ್ತದೆ. "ನಿಮ್ಮದು ಒಂದು ಸಲವೂ ಎಫ್.ಸಿ.ಯಲ್ಲಿ ಫೇಲಾಗಿಲ್ಲವಂತಲ್ಲ ಗೌಡ್ರೆ" ಎಂದು ಯಾರಾದರೂ ಹೊಗಳುತ್ತಾರೆ. ನಿಜ, ಆಗಿಲ್ಲ. ನನ್ನ ತಕರಾರೇ ಅದು. ಆಗಬೇಕಿತ್ತು.

ಸ್ವಂತ ಗಾಡಿಯನ್ನು ಹದಿನೈದು ವರ್ಷ ಯಾರೂ ಕೇಳುವುದಿಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಣ. ಕಾಗದದಲ್ಲಿ ಅದರ ಹೆಸರು ಬೇರೆ, ನಾವು ಅದನ್ನೂ ಎಫ್.ಸಿ. ಎಂದೇ ಕರೆಯುವುದು. ವರ್ಷ ವರ್ಷವೂ ತಪಾಸಣೆಗೆ ನಿಲ್ಲಬೇಕಾದದ್ದು ಎಂಟು ವರ್ಷ ದಾಟಿದ ಲಾರಿ, ಬಸ್ಸು, ಟ್ಯಾಕ್ಸಿಗಳು ಮಾತ್ರ. ನವೀಕರಣ ಬಂತೆಂದರೆ ನಾನು ಮಾಡುತ್ತಿದ್ದುದು ಊರಿನ ಎಲ್ಲರೂ ಮಾಡುವುದನ್ನೇ. ಮಡ್ಗಾರ್ಡಿಗೆ ಬಣ್ಣ ಬಳಿಸುವುದು, ರೇಡಿಯಂ ಪಟ್ಟಿ ಅಂಟಿಸುವುದು, ಹಾರನ್ನು ಕೂಗುವಂತೆ ಮಾಡುವುದು, ಭಾವನ ಜೀಪಿನಿಂದ ಎರಡು ಒಳ್ಳೇ ಟೈರು ಎರವಲು ತರುವುದು. ಅಂಗೈಯಷ್ಟು ಮಟ್ಟಸವಾದ ಅಂಗಳದಲ್ಲಿ ಸಾಹೇಬರು ಚಾಸಿ ನಂಬರನ್ನು ಪೆನ್ಸಿಲ್ ಅಚ್ಚಿನೊಂದಿಗೆ ತಾಳೆ ನೋಡಿ, ದೀಪ ಹಾಕಿಸಿ, "ಸ್ವಲ್ಪ ಮುಂದೆ ತಗೊಂಡು ನಿಲ್ಸಿ" ಎನ್ನುತ್ತಿದ್ದರು. ನಿಲ್ಲುತ್ತಿತ್ತು. ಹತ್ತು ಅಡಿಯಲ್ಲಿ ನಿಲ್ಲುವುದಕ್ಕೆ ಬ್ರೇಕು ಬೇಡ, ಸೋಮಾರಿತನ ಸಾಕು. ನಮ್ಮ ಜನ ಆ ಅಧಿಕಾರಿಗೆ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದಾರೆ. ಇಲಾಖೆಗೇ ಹೊಳೆಯದ ಬುದ್ಧಿ ಆ ಹೆಸರಿನಲ್ಲಿದೆ.

2017ರಲ್ಲಿ ಹಾಗೆ ಪಾಸಾಗಿ ಹದಿನೈದು ದಿನವೂ ಆಗಿರಲಿಲ್ಲ. ಮಳೆ ಬಿಟ್ಟ ಒಂದು ಸಂಜೆ ಬಿಸ್ಲೆ ರಸ್ತೆಯ ಇಳಿಜಾರಿನಲ್ಲಿ, ಹಿಂದೆ ಆರು ಜನ ಕೆಲಸದವರಿದ್ದಾಗ, ಪೆಡಲು ತಳಕ್ಕೆ ಹೋಯಿತು. ಎರಡನೇ ಸಲ ಒತ್ತಿದೆ, ಮೂರನೇ ಸಲ ಒತ್ತಿದೆ, ಗಾಳಿ. ಆ ಕಾಲದ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಲೈನು. ಒಂದು ಚಕ್ರದ ರಬ್ಬರ್ ಕಪ್ಪು ಹರಿದರೆ ನಾಲ್ಕೂ ಹೋದಂತೆ. ಬ್ರೇಕ್ ಆಯಿಲ್‌ಗೆ ನೀರು ಹೀರುವ ಗುಣ, ನಮ್ಮ ಮಳೆಗಾಲಕ್ಕೆ ಕೊಡುವ ಗುಣ. ಸಿಲಿಂಡರಿನೊಳಗೆ ತುಕ್ಕು ಹಿಡಿದು, ಆ ತುಕ್ಕು ಕಪ್ಪನ್ನು ಕೆರೆಯುತ್ತ ಹೋಗುತ್ತದೆ. ಹೊರಗಿನಿಂದ ಏನೂ ಕಾಣದು. ಹ್ಯಾಂಡ್ ಬ್ರೇಕ್ ಎಳೆದೆ. ಅದು ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿ. ಅಲ್ಲಿನ ಸೀಲು ಸೋರಿ ಡ್ರಮ್ಮಿನ ತುಂಬ ಗೇರ್ ಆಯಿಲ್. ಕೊನೆಗೆ ದರೆಗೆ ಗುದ್ದಿಸಿ ನಿಲ್ಲಿಸಿದೆ. ಎಡಕ್ಕೆ ದರೆ, ಬಲಕ್ಕೆ ಕಣಿವೆ, ಆಯ್ಕೆ ಸುಲಭವಾಗಿತ್ತು.

ಐದು ಜನಕ್ಕೆ ತರಚು ಗಾಯ. ನಮ್ಮ ತೋಟದಲ್ಲಿ ನನ್ನ ತಂದೆಯ ಕಾಲದಿಂದ ಕೆಲಸ ಮಾಡಿದ ಹೆಂಗಸೊಬ್ಬಳ ಮಣಿಕಟ್ಟು ಮುರಿಯಿತು. ಕೈಯನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ಬದಿ ಕೂತವಳು ಕೇಳಿದ್ದು ಒಂದೇ: "ಮೊನ್ನೆ ತಾನೆ ಪಾಸ್ ಮಾಡಿಸ್ಕಂಡ್ ಬಂದ್ರಲ್ಲ ಗೌಡ್ರೆ?" ಆ ವರ್ಷ ಕಾಫಿ ಕುಯ್ಲಿಗೆ ಅವಳ ಕೈ ಬರಲಿಲ್ಲ. ಡ್ರಮ್ಮು ಬಿಚ್ಚಿದ ಮೇಸ್ತ್ರಿ ನನ್ನ ಮುಖ ನೋಡದೆ, "ಬಣ್ಣದ ದುಡ್ಡಲ್ಲಿ ನಾಲ್ಕು ಚಕ್ರದ ಕಿಟ್ಟೂ ಬರ್ತಿತ್ತು ಅಣ್ಣಾ" ಎಂದ.

ಹೀಗಿರುವಾಗ ಸರ್ಕಾರ ಮಾಡಿದ್ದೇನು? ಕಾರು, ಜೀಪುಗಳ ನವೀಕರಣದ ಶುಲ್ಕ ಆರುನೂರು ರೂಪಾಯಿ ಇದ್ದದ್ದನ್ನು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000 ಎಂದಿತು. ಹತ್ತು ಸಾವಿರ ಕೊಟ್ಟರೆ ಚಕ್ರ ಬಿಚ್ಚಿ ನೋಡುತ್ತಾರೆಯೇ? ವಯಸ್ಸಿಗೆ ದಂಡ, ಬ್ರೇಕಿಗೆ ಮಾಫಿ. ಐದೇ ವರ್ಷದ ಕಾರು ಬೋಳು ಟೈರಿನಲ್ಲಿ ಶಿರಾಡಿ ಘಾಟಿ ಇಳಿದರೆ ತಪಾಸಣೆಯ ಮಾತೇ ಇಲ್ಲ.

ನಮ್ಮ ಹಳೇ ಗಾಡಿಯ ಮೋಹಿಗಳದ್ದು ಇನ್ನೊಂದು ರಾಗ. ಇಂಗ್ಲೆಂಡಿನಲ್ಲಿ ನಲವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ಗಾಡಿಗೆ 2018ರಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ, ನಮಗೂ ಕೊಡಿ ಎನ್ನುತ್ತಾರೆ. ಅದೇ ಇಂಗ್ಲೆಂಡಿನ ಹಿಂದಿನ ಕಥೆ ಹೇಳುವುದಿಲ್ಲ. 1960ರಲ್ಲಿ ಅಲ್ಲಿ ತಪಾಸಣೆ ಶುರುವಾದಾಗ ಹತ್ತು ವರ್ಷದ ಗಾಡಿಗಳ ಬ್ರೇಕು, ದೀಪ, ಸ್ಟೇರಿಂಗ್ ಇಷ್ಟನ್ನೇ ನೋಡುತ್ತಿದ್ದರು. ಫೇಲಾದವು ಎಷ್ಟೊಂದೆಂದರೆ ಮರುವರ್ಷವೇ ಹತ್ತನ್ನು ಏಳಕ್ಕಿಳಿಸಿ, 1967ರಲ್ಲಿ ಮೂರಕ್ಕೆ ತಂದರು. ಅಷ್ಟು ದಶಕ ಬಿಗಿಯಾಗಿ ನೋಡಿದ ಮೇಲೆ ಕೊಟ್ಟ ರಿಯಾಯಿತಿ ಅದು. ನಾವಿನ್ನೂ ನೋಡುವುದನ್ನೇ ಶುರು ಮಾಡಿಲ್ಲ. ನಮ್ಮಲ್ಲಿ 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ್ದನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ದಿನಬಳಕೆಗೆ ಓಡಿಸುವಂತಿಲ್ಲ. ಗೊಬ್ಬರದ ಮೂಟೆ ಹೊರುವ ನನ್ನ ಜೀಪಿಗೆ ಆ ರಾಜಮರ್ಯಾದೆ ಒಗ್ಗದು.

ನಾನು ಕೇಳುವುದು ಸಣ್ಣದು. ಹೊಸತಿರಲಿ ಹಳೆಯದಿರಲಿ, ಐದು ವರ್ಷ ದಾಟಿದ ಪ್ರತಿ ಗಾಡಿಯನ್ನು ವರ್ಷಕ್ಕೊಮ್ಮೆ ನೋಡಿ. ಶುಲ್ಕ ಐನೂರಿರಲಿ. ಒಂದು ಚಕ್ರವನ್ನಾದರೂ ಬಿಚ್ಚಿಸಿ, ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಸಿ. ಇಳಿಜಾರಿಗೇನು ನಮ್ಮಲ್ಲಿ ಬರವೇ? "ವರ್ಷಾ ವರ್ಷಾ ಅಂದ್ರೆ ಏಜೆಂಟರಿಗೆ ವರ್ಷಾ ವರ್ಷಾ ಹಬ್ಬ" ಎಂದು ಭಾವ ನಗುತ್ತಾನೆ. ಅವನ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ರೋಲರಿನ ಮೇಲೆ ಚಕ್ರ ತಿರುಗಿಸಿ ಒಂದೊಂದರ ಬ್ರೇಕನ್ನೂ ಅಳೆಯುವ ಯಂತ್ರ ಬರಲಿ ಎನ್ನುವವನು ನಾನು. ಯಂತ್ರ ಕಾಫಿ ತಿಂಡಿಗೆಂದು ಕೈ ಚಾಚುವುದಿಲ್ಲ. ಆದರೆ ಎರವಲು ಟೈರು ತಂದವನು ಏಜೆಂಟನಲ್ಲ, ನಾನು. ಕೊಟ್ಟವನು ಭಾವ.

ಮುರಿದ ಕೈ ಕೂಡಿದೆ, ಸ್ವಲ್ಪ ಸೊಟ್ಟಗೆ. ಅವಳು ಜೀಪು ಹತ್ತುವ ಮುಂಚೆ ಈಗಲೂ ಕೇಳುತ್ತಾಳೆ: "ಚಕ್ರ ಬಿಚ್ಚಿ ನೋಡ್ಸಿದ್ರಾ?" ಪ್ರತಿ ವರ್ಷ ಮಳೆಗೆ ಮುಂಚೆ ನಾಲ್ಕೂ ಡ್ರಮ್ಮು ಬಿಚ್ಚಿಸುತ್ತೇನೆ. ಈ ಸಲ ಮೇಸ್ತ್ರಿಗೆ ಜ್ವರ ಬಂದು ತಡವಾಯಿತು. ಇಲ್ಲ, ಇನ್ನೂ ಆಗಿಲ್ಲ ಎಂದೆ. ಅವಳು ಛತ್ರಿ ಬಿಡಿಸಿಕೊಂಡು ನಡೆದೇ ಹೋದಳು.