ತಪ್ಪನ್ನು ಹುಡುಕುವ ವಿದ್ಯೆ

ಲೆಕ್ಕ ತಪ್ಪಾದರೆ ಪಾಟಿಯನ್ನು ಒರೆಸಿಬಿಡುವುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಒರೆಸಿದೊಡನೆ ತಪ್ಪು ಎಲ್ಲಿ ಹುಟ್ಟಿತೆಂಬ ಗುರುತೂ ಅಳಿಸಿಹೋಗುತ್ತದೆ. ಗಣಕಯಂತ್ರದ ಪಾಠಕ್ಕೂ ಈ ರೂಢಿ ಕಾಲಿಟ್ಟಿರುವುದು ನನಗೆ ಸರಿಯೆನಿಸುವುದಿಲ್ಲ. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಚಿಕ್ಕದೊಂದು ಕ್ಯಾಲ್ಕುಲೇಟರನ್ನು ವಿದ್ಯಾರ್ಥಿಯು ಪೈಥಾನ್ ಭಾಷೆಯಲ್ಲಿ ಬರೆಯುತ್ತಾನೆ; ಅದು ನಡೆಯದಿದ್ದರೆ ಎಲ್ಲವನ್ನೂ ಅಳಿಸಿ, ಬಲ್ಲವರು ಬರೆದುದನ್ನು ನಕಲು ಮಾಡುತ್ತಾನೆ. ಯಂತ್ರ ನಡೆಯುತ್ತದೆ, ವಿದ್ಯಾರ್ಥಿ ನಿಂತಲ್ಲಿಯೇ ನಿಲ್ಲುತ್ತಾನೆ.

ಪೈಥಾನ್, ನೆದರ್ಲೆಂಡ್ಸಿನ ಗೈಡೋ ವಾನ್ ರೋಸಮ್ ಎಂಬವರು 1991ರಲ್ಲಿ ಲೋಕಕ್ಕೆ ಕೊಟ್ಟ ಭಾಷೆ. ಅನೇಕ ತಪ್ಪುಗಳನ್ನು ಅದು ತಾನಾಗಿಯೇ ತಿಳಿಸುತ್ತದೆ. ಹೆಸರಿನ ಕಾಗುಣಿತ ಕೆಟ್ಟರೆ 'ನೇಮ್ ಎರರ್', ಸೊನ್ನೆಯಿಂದ ಭಾಗಿಸಹೊರಟರೆ 'ಝೀರೋ ಡಿವಿಜನ್ ಎರರ್' ಎಂದು ಹೇಳಿ, ಸಾಲಿನ ಸಂಖ್ಯೆಯನ್ನೂ ಕೊಡುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಇಂಗ್ಲಿಷ್ ಸಾಲುಗಳು ಬೈಗುಳದಂತೆ ತೋರಬಹುದು. ಹೆದರಬೇಕಾದುದಿಲ್ಲ. ಕೊನೆಯ ಸಾಲನ್ನು ಮೊದಲು ಓದಬೇಕು. ತಪ್ಪು ಯಾವ ಬಗೆಯದೆಂಬುದು ಅಲ್ಲಿರುತ್ತದೆ. ಮೊದಮೊದಲು ಎದುರಾಗುವ ಇಂತಹ ಮಾತುಗಳು ಬೆರಳೆಣಿಕೆಯಷ್ಟು. ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗೋಡೆಗೆ ತೂಗುಹಾಕಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಒಂದು ಎಚ್ಚರ ಮಾತ್ರ ಅಗತ್ಯ: ಒಂದು ಸಾಲಿನಲ್ಲಿ ಆವರಣವನ್ನು ಮುಚ್ಚದೆ ಬಿಟ್ಟರೆ ದೂರು ಕೆಲವೊಮ್ಮೆ ಮುಂದಿನ ಸಾಲಿನ ಮೇಲೆ ಬರುತ್ತದೆ.

ಯಂತ್ರವು ದೂರದೆ ಬಿಡುವ ತಪ್ಪುಗಳೇ ನಿಜವಾಗಿ ಅಪಾಯಕರ. ಇಂಡಿಯು ನಿಂಬೆಗೆ ಹೆಸರಾದ ಊರು. ಒಂದು ಬುಟ್ಟಿಯಲ್ಲಿ 12, ಮತ್ತೊಂದರಲ್ಲಿ 15 ನಿಂಬೆಹಣ್ಣುಗಳಿವೆ ಎಂದುಕೊಳ್ಳಿ. ಹೊಸಬರ ಕ್ಯಾಲ್ಕುಲೇಟರು ಇವೆರಡನ್ನು ಕೂಡಿಸಿ 1215 ಎಂದು ಹೇಳಿಬಿಡಬಹುದು! 'ಇನ್‌ಪುಟ್' ಎಂಬ ಆಜ್ಞೆಯು ಕೀಲಿಮಣೆಯಿಂದ ಬಂದುದನ್ನು ಬರಿಯ ಅಕ್ಷರಗಳೆಂದೇ ಸ್ವೀಕರಿಸುತ್ತದೆ. ಅಕ್ಷರಗಳ ನಡುವೆ ಕೂಡುವ ಚಿಹ್ನೆ ಬಂದರೆ ಪೈಥಾನ್ ಅವನ್ನು ಅಕ್ಕಪಕ್ಕದಲ್ಲಿ ಜೋಡಿಸುತ್ತದೆ. 'ಇಂಟ್' ಎಂಬುದರ ಮೂಲಕ ಅವನ್ನು ಪೂರ್ಣಾಂಕಗಳಾಗಿ ಮಾಡಿಕೊಂಡರೆ 27 ಬರುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತಪ್ಪೊಂದುಂಟು. ಮೇಲೆ ಹೇಳಿದ ನಾಲ್ಕು ಊರುಗಳಲ್ಲಿ ಒಂದು ದಿನ ಕ್ರಮವಾಗಿ 40, 60, 20, 80 ಮಿಲಿಮೀಟರ್ ಮಳೆಯಾಯಿತೆಂದು ಭಾವಿಸೋಣ. ಸರಾಸರಿಗಾಗಿ ನಾಲ್ಕನ್ನೂ ಕೂಡಿ 4ರಿಂದ ಭಾಗಿಸುವಂತೆ ಬರೆದು, ಕೂಡುವ ಭಾಗಕ್ಕೆ ಆವರಣ ಹಾಕಲು ಮರೆತರೆ, ಪೈಥಾನ್ 80ನ್ನು ಮಾತ್ರ ಭಾಗಿಸಿ, ಬಂದ 20ನ್ನು ಉಳಿದವುಗಳಿಗೆ ಸೇರಿಸಿ 140.0 ಎನ್ನುತ್ತದೆ. ಕೂಡುವುದಕ್ಕಿಂತ ಮೊದಲು ಭಾಗಿಸಬೇಕೆಂಬುದು ನೀವು ಕೆಳಗಿನ ತರಗತಿಗಳಲ್ಲಿಯೇ ಕಲಿತ ನಿಯಮ. ಯಂತ್ರ ಅದನ್ನೇ ಪಾಲಿಸಿದೆ. ಆದರೆ ಯಾವ ಊರಿನಲ್ಲಿಯೂ 80ನ್ನು ಮೀರದ ಮಳೆಯ ಸರಾಸರಿ 140 ಆಗುವುದುಂಟೆ? ಈ ಸಂದೇಹ ತಟ್ಟನೆ ಹೊಳೆಯಬೇಕಾದುದು ವಿದ್ಯಾರ್ಥಿಯ ಮನಸ್ಸಿನಲ್ಲಿ. ಅದು ಹೊಳೆಯುವ ಮೊದಲೇ ಉಪಾಧ್ಯಾಯರು ಕೀಲಿಮಣೆಯನ್ನು ಎಳೆದುಕೊಂಡು ಆವರಣ ಹಾಕಿಬಿಟ್ಟರೆ 50 ಎಂಬ ಸರಿಯುತ್ತರವೇನೋ ಸಿಕ್ಕೀತು, ವಿದ್ಯೆ ಸಿಕ್ಕುವುದಿಲ್ಲ.

ಯಂತ್ರಗಳು ಕಡಿಮೆ, ಅವಧಿ ಚಿಕ್ಕದು, ಪಾಠ ಮುಗಿಯಬೇಕು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಈ ಮಳೆಯ ಲೆಕ್ಕಕ್ಕೆ ತರಗತಿಗೆ ಒಂದು ಯಂತ್ರವಿದ್ದರೂ ನಡೆದೀತು. ಆವರಣವಿಲ್ಲದ ಆ ಸಾಲನ್ನು ಕರಿಹಲಗೆಯ ಮೇಲೆ ಬರೆದು, ಏನು ಉತ್ತರ ಬಂದೀತೆಂದು ಎಲ್ಲರಿಂದಲೂ ಮೊದಲು ಬರೆಯಿಸಿ, ಅನಂತರ ಹಿಂದಿನ ಸಾಲಿನ ಹುಡುಗಿಯೊಬ್ಬಳನ್ನು ಕರೆದು ಕೀಲಿಮಣೆಯ ಮುಂದೆ ಕೂರಿಸಿದರಾಯಿತು.